ಅವನ ಪಕ್ಕದ ಜಾಗ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಮಡಿಕೆ ಅಕ್ಕ ಎಂದೇ ಹೆಸರು. ಹೊಸದಾಗಿ ಕೆಲಸಕ್ಕೆ ಬಂದವರು, ಹಿಂದೆ ಗಡಿಗೆ ಮಡಿಕೆ ಮಾರುತ್ತಿದ್ದಳೇನೋ ಅಂದುಕೊಳ್ಳುತ್ತಿದ್ದರು. ಹಾಗೇನಿಲ್ಲ. ಹದಿನೇಳು ವರ್ಷ ಬೆಡ್‌ಶೀಟ್ ಮಡಿಸಿದ ಕೈ ಅದು. ಎದುರು ನಿಂತವಳು ಎರಡು ತುದಿ ಹಿಡಿದರೆ ಸಾಕು, ಉಳಿದದ್ದನ್ನು ಅವಳ ಮಣಿಕಟ್ಟೇ ನೋಡಿಕೊಳ್ಳುತ್ತಿತ್ತು. ಅಂಚಿಗೆ ಅಂಚು ಕೂಡಿ, ನಾಲ್ಕು ಮಡಿಕೆಯಾಗಿ ಮೇಜಿನ ಮೇಲೆ ಕೂತ ಶೀಟು ದಾರ ಹಿಡಿದು ಕತ್ತರಿಸಿದಂತೆ ಕಾಣುತ್ತಿತ್ತು.

ಗಂಡ ಲಿಫ್ಟ್ ರಿಪೇರಿಯವನು. ಕುಳ್ಳ, ಆದರೆ ಮಾತಿನಮಲ್ಲ. "ದಿನಾ ಎಷ್ಟು ಜನರನ್ನ ಮೇಲಕ್ಕೆ ಕಳಿಸ್ತೀನಿ ಗೊತ್ತಾ? ಪಾದ್ರಿಗಳೂ ಅಷ್ಟು ಕಳಿಸಿರಲ್ಲ" ಎಂದು ಚರ್ಚಿನ ಬಾಗಿಲಲ್ಲೇ ನಿಂತು ನಗಿಸುತ್ತಿದ್ದ. ಮನೆ ಮೂರನೇ ಮಹಡಿಯಲ್ಲಿ, ಎರಡು ಕೋಣೆ. ಜೊತೆಯಲ್ಲಿ ಗಂಡನ ತಾಯಿ, ಹದಿಮೂರು ವರ್ಷದ ಮಗಳು. ತಮಾಷೆಯೆಂದರೆ ಆ ಕಟ್ಟಡಕ್ಕೆ ಲಿಫ್ಟೇ ಇರಲಿಲ್ಲ.

ಸುದ್ದಿ ಬಂದದ್ದು ಬುಧವಾರ ಹನ್ನೊಂದೂವರೆಗೆ. ಅವಳು ಆಗ ಒದ್ದೆ ಶೀಟನ್ನು ಬಿಸಿ ಉರುಳೆಗಳ ನಡುವೆ ಬಿಡುತ್ತಿದ್ದಳು. ಅರ್ಧ ಒಳಗೆ ಹೋದ ಶೀಟನ್ನು ಕೈಬಿಟ್ಟರೆ ಅದು ಸುರುಳಿ ಸುತ್ತಿಕೊಂಡು ಸುಟ್ಟುಹೋಗುತ್ತದೆ. ಮೇಲ್ವಿಚಾರಕಿ ಹತ್ತಿರ ಬಂದು, "ಅಕ್ಕಾ, ನಿಮ್ಮ ಮನೆಯವರಿಗೆ..." ಎಂದಳು. ಮುಂದಿನದನ್ನು ಅವಳ ಮುಖವೇ ಹೇಳಿತು. ಮಡಿಕೆ ಅಕ್ಕ ಒಂದು ಬೆರಳೆತ್ತಿ "ಒಂದು ನಿಮಿಷ" ಅಂದಳು. ಶೀಟು ಆಚೆ ಬಂತು. ಅದನ್ನು ಮಡಿಸಿದಳು, ರಾಶಿಯ ಮೇಲಿಟ್ಟಳು, ಅಂಗೈಯಿಂದ ಒಂದು ಸಲ ನೀವಿದಳು. ಆಮೇಲೆ ಹೋಗಿ ಚಪ್ಪಲಿ ಹಾಕಿಕೊಂಡಳು.

ಇದು ಊರೆಲ್ಲ ಹರಡಿತು. ಗಂಡ ಸತ್ತ ಸುದ್ದಿ ಕೇಳಿಯೂ ಶೀಟು ಮಡಿಸಿಟ್ಟು ಬಂದಳಂತೆ, ಎಂಥ ಹೆಂಗಸೋ ಅಂದರು. ಮಣ್ಣು ಮಾಡುವಾಗ ಪೆಟ್ಟಿಗೆಯ ಪಕ್ಕ ಒಂದು ಹನಿ ಕಣ್ಣೀರು ಹಾಕದೆ ನಿಂತದ್ದನ್ನೂ ಅದರ ಜೊತೆ ಸೇರಿಸಿದರು. ಅವಳಿಗೆ ಅದು ಕೇಳಿಸದೆ ಇರಲಿಲ್ಲ. ಕೇಳಿಸಿದ್ದು ಎಲ್ಲಿಗೂ ಮುಟ್ಟುತ್ತಿರಲಿಲ್ಲ, ಅಷ್ಟೇ. ಹಲ್ಲು ಕೀಳಿಸುವ ಮೊದಲು ಕೊಡುವ ಸೂಜಿಮದ್ದು ಒಸಡಿಗೆ ಹತ್ತುವ ಹಾಗೆ ಏನೋ ಒಂದು ಅವಳ ಮೈಗೆಲ್ಲ ಹತ್ತಿತ್ತು.

ಆದದ್ದು ಇಷ್ಟು. ಎಂಟು ಅಂತಸ್ತಿನ ಕಟ್ಟಡ. ಗಂಡ ಲಿಫ್ಟಿನ ಡಬ್ಬಿಯ ನೆತ್ತಿಯ ಮೇಲೆ ನಿಂತು ಉಕ್ಕಿನ ಹಗ್ಗ ಪರೀಕ್ಷೆ ಮಾಡುತ್ತಿದ್ದ. ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿ ಅವನ ಜೊತೆಗಾರ ಉದ್ದಣ್ಣ ಇದ್ದ. ಹೆಸರಿಗೆ ತಕ್ಕ ಹಾಗೆ ಉದ್ದನೆಯ ಆಳು. ಆ ಕೋಣೆಯಲ್ಲಿ ತಲೆ ಬಗ್ಗಿಸಿಯೇ ನಿಲ್ಲಬೇಕಿತ್ತು. ಒಂಬತ್ತು ವರ್ಷ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದವರು, ಒಂದೇ ಚರ್ಚಿಗೆ ಹೋಗುವವರು. ಕೆಳಗಿನಿಂದ "ಆಯ್ತು" ಎಂಬ ಕೂಗು ಕೇಳಿಸಿತು. ಕೆಲಸ ಮುಗಿಯಿತೆಂದುಕೊಂಡು ಉದ್ದಣ್ಣ ಮೇನ್ ಸ್ವಿಚ್ ಹಾಕಿದ, ಡಬ್ಬಿ ಚಲಿಸಿತು. ಕೂಗಿದವನು ಐದನೇ ಮಹಡಿಯಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದವನು, ತನ್ನ ಜೊತೆಯವನಿಗೆ ಕೂಗಿದ್ದು.

ಪೊಲೀಸರು ಬರುವಷ್ಟರಲ್ಲಿ ಉದ್ದಣ್ಣ ಮೆಟ್ಟಿಲ ಮೇಲೆ ಕೂತಿದ್ದ. "ಸ್ವಿಚ್ ಹಾಕಿದ್ದು ನಾನೇ" ಎಂದು ತಾನಾಗಿಯೇ ಹೇಳಿದ. ಒಳಗೆ ಇಳಿಯುವವನು ಸ್ವಿಚ್ಚಿಗೆ ತನ್ನದೇ ಬೀಗ ಹಾಕಿ, ಬೀಗದ ಕೈ ತನ್ನ ಜೇಬಿನಲ್ಲಿ ಇಟ್ಟುಕೊಳ್ಳಬೇಕೆಂಬುದು ಆ ಕೆಲಸದ ನಿಯಮ. ಆ ದಿನ ಬೀಗ ಯಾಕೆ ಇರಲಿಲ್ಲ ಎಂದು ವಿಚಾರಣೆಯಲ್ಲಿ ಕೇಳಿದರು. "ನಾನು ನೋಡಲಿಲ್ಲ" ಎಂದನಂತೆ. ನೋಡಬೇಕಾದವನು ನೋಡಲಿಲ್ಲ ಎಂದು ಬರೆದುಕೊಂಡರು. ಆಕಸ್ಮಿಕ ಎಂದು ಕಡತ ಮುಚ್ಚಿತು. ಅವನು ಆ ಕೆಲಸ ಬಿಟ್ಟು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಗೆ ಸೇರಿದ.

ಪೊಲೀಸರು ಮುಚ್ಚಿದ್ದನ್ನು ಚರ್ಚಿನವರು ಮುಚ್ಚಲಿಲ್ಲ. ಪ್ರತಿ ಭಾನುವಾರ ಬಾಗಿಲಲ್ಲಿ ನಿಂತು ಹಾಡಿನ ಪುಸ್ತಕ ಕೊಡುವುದು ಉದ್ದಣ್ಣನ ಕೆಲಸವಾಗಿತ್ತು. ಈಗ ಜನ ಅವನ ಕೈಯಿಂದ ಪುಸ್ತಕ ತೆಗೆದುಕೊಳ್ಳದೆ, ಕಪಾಟಿನವರೆಗೆ ನಡೆದು ತಾವೇ ತೆಗೆದುಕೊಳ್ಳತೊಡಗಿದರು. ಎರಡು ವಾರ ಪುಸ್ತಕಗಳನ್ನು ಎದೆಗವಚಿಕೊಂಡು ನಿಂತ. ಮೂರನೆಯ ವಾರ ಒಳಗೆ ಹೋಗಿ ಹೆಂಡತಿಯ ಜೊತೆ ಕಿಟಕಿ ಬದಿಯ ಬೆಂಚಿನಲ್ಲಿ ಕೂತ. ಆರು ಜನ ಕೂರುವ ಬೆಂಚು. ಉಳಿದ ನಾಲ್ವರು ಒಬ್ಬೊಬ್ಬರಾಗಿ ಜಾಗ ಬದಲಾಯಿಸಿದರು. ಕುಡಿದಿದ್ದನಂತೆ ಎಂದು ಯಾರೋ ಅಂದರು. ಕುಡಿತದ ವಾಸನೆಗೇ ತಲೆನೋವು ಬರುವ ಮನುಷ್ಯ ಅವನು. ಆದರೆ ಆಡುವವರ ಬಾಯಿ, ಬಾಗಿಲಿಲ್ಲದ ಮನೆ.

ಎಲ್ಲಕ್ಕಿಂತ ಗಟ್ಟಿಯಾಗಿ ಆಡಿದವಳು ಅತ್ತೆ. ಅವನ ಹೆಸರು ಹೇಳದೆ, ಕೊಲೆಗಡುಕ ಎಂದೇ ಅನ್ನುತ್ತಿದ್ದಳು. ಬೆಳಿಗ್ಗೆ ಎದ್ದ ಕೂಡಲೇ ಒಂದು ಸಲ, ಊಟಕ್ಕೆ ಕೂತಾಗ ಒಂದು ಸಲ.

"ನಿನಗೇನೂ ಅನ್ನಿಸಲ್ವಾ? ನಿನ್ನ ತಾಳಿ ಕಿತ್ಕೊಂಡವನು ಕಣೇ!"

"ಏನನ್ನಿಸಬೇಕು ಅತ್ತೆ?"

"ಹೊಟ್ಟೆ ಉರೀಬೇಕು!"

ಉರಿಯಲಿಲ್ಲ. ಅವಳು ತನ್ನೊಳಗೆ ಹುಡುಕಿಯೂ ನೋಡಿದಳು. ಕೋಪ ಸಿಗಲಿಲ್ಲ, ಕರುಣೆಯೂ ಸಿಗಲಿಲ್ಲ. ಏಳುತ್ತಿದ್ದಳು, ಅಡುಗೆ ಮಾಡುತ್ತಿದ್ದಳು, ಐವತ್ನಾಲ್ಕು ಮೆಟ್ಟಿಲು ಇಳಿಯುತ್ತಿದ್ದಳು, ಕೆಂಪು ಚೀಲಗಳಲ್ಲಿ ಬಂದ ರಕ್ತದ ಶೀಟುಗಳನ್ನು ಬೇರೆ, ಉಳಿದವನ್ನು ಬೇರೆ ಮಾಡುತ್ತಿದ್ದಳು. ಗಂಡ ಟೀ ಕುಡಿಯುತ್ತಿದ್ದ ಲೋಟವನ್ನು ಒಂದು ದಿನ ತೊಳೆಯುತ್ತಾ ಎಷ್ಟು ಹೊತ್ತು ನಿಂತಳೋ, ನಲ್ಲಿ ನೀರೇ ನಿಂತುಹೋಯಿತು. ಅಳು ಬರಬಹುದೇನೋ ಎಂದು ಕಾದಳು. ಬರಲಿಲ್ಲ. ಲೋಟ ಬೋರಲು ಹಾಕಿದಳು.

ಮೂರು ತಿಂಗಳು ಹೀಗೆ ಕಳೆಯಿತು. ಅಷ್ಟರಲ್ಲಿ ಮಗಳು ಸೈಕಲ್ ಮುಟ್ಟುವುದನ್ನು ಬಿಟ್ಟಿದ್ದಳು. ಶಾಲೆಗೆ ಮುಕ್ಕಾಲು ಗಂಟೆ ನಡೆದು ಹೋಗುತ್ತಿದ್ದಳು. ಸೈಕಲ್ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ಬಿದ್ದಿತ್ತು. ಒಂದು ಶನಿವಾರ ಮಧ್ಯಾಹ್ನ ಮನೆ ಮಾಲೀಕ ಅಡ್ಡಿಯಾಗುತ್ತದೆ, ತೆಗೆಯಿರಿ ಎಂದ.

"ಹೋಗಿ ಸೈಕಲ್ ಆಚೆ ಇಡು, ಪುಟ್ಟಿ."

ಮಗಳು ಗೋಡೆ ನೋಡುತ್ತಾ ಕೂತಳು.

"ಕೇಳಿಸ್ತಾ?"

"ಅಮ್ಮಾ, ಅದರಲ್ಲಿ ಅಪ್ಪನ ಬೀಗ ಇದೆ."

ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಮಗಳು ಗೋಡೆಗೆ ಹೇಳುವ ಹಾಗೆ, ಒಂದೇ ದನಿಯಲ್ಲಿ ಹೇಳಿಕೊಂಡು ಹೋದಳು. ಹಿಂದಿನ ದಿನ ಅವಳ ಸೈಕಲ್ಲಿನ ಬೀಗ ಮುರಿದಿತ್ತು. ಬುಧವಾರ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದಾಗ, ಬಾಗಿಲ ಹಿಂದೆ ನೇತುಹಾಕಿದ್ದ ಅವನ ಕೆಲಸದ ಚೀಲದಿಂದ, ಸ್ವಿಚ್ಚಿಗೆ ಹಾಕುವ ಕೆಂಪು ಬೀಗ ತೆಗೆದುಕೊಂಡಳು. ಸಂಜೆ ವಾಪಸ್ ಇಟ್ಟರಾಯಿತು ಅಂದುಕೊಂಡಿದ್ದಳು.

"ನಾನು ಕೇಳಲಿಲ್ಲ ಅಮ್ಮಾ. ಕೇಳಿದ್ರೆ ಬೈತಾರೆ ಅಂತ ಕೇಳಲಿಲ್ಲ."

ಆಗ ಏನಾದರೂ ಹೇಳಬೇಕು ಎಂದು ಮಡಿಕೆ ಅಕ್ಕನಿಗೆ ಗೊತ್ತಿತ್ತು. ಎದ್ದು ಹೋಗಿ ಬಾಚಣಿಗೆ ತಂದಳು. ಮಗಳನ್ನು ಮುಂದೆ ಕೂರಿಸಿಕೊಂಡು, ಬೆಳಿಗ್ಗೆಯಷ್ಟೇ ಬಾಚಿದ್ದ ತಲೆಯನ್ನು ಬಿಚ್ಚಿ ಮತ್ತೆ ಬಾಚಿದಳು. ಅತ್ತೆ ಒಳಗೆ ಮಲಗಿದ್ದಳು. ಅವಳ ಗೊರಕೆ ಕೇಳಿಸುತ್ತಿತ್ತು.

ಮರುದಿನ ಸಂಜೆ ಉದ್ದಣ್ಣನ ಮನೆಗೆ ಹೋದಳು. ಯಾಕೆ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿಲ್ಲ. ಬಾಗಿಲು ತೆರೆದವನು ಅವಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಹೆಂಡತಿ ಕುರ್ಚಿಯ ಮೇಲಿದ್ದ ಬಟ್ಟೆ ಎತ್ತಿದಳು. ಅವನು ಕೂರಲಿಲ್ಲ.

"ಬೈಯೋದಿದ್ರೆ ಬೈದುಬಿಡಿ ಅತ್ತಿಗೆ."

"ಬೈಯೋಕೆ ಬಂದಿಲ್ಲ. ಒಂದು ಮಾತು ಕೇಳಬೇಕಿತ್ತು. ಬೀಗ ಯಾಕೆ ಇರಲಿಲ್ಲ ಅಂತ ನಿಮಗೆ ಗೊತ್ತಿತ್ತಾ?"

ಹೆಂಡತಿ ಅವನ ಮುಖ ನೋಡಿದಳು. ಅವಳಿಗೂ ಇದು ಹೊಸತೆಂದು ಕಂಡಿತು.

"ಗೊತ್ತಿತ್ತು" ಎಂದ ಅವನು. "ಚೀಲ ತೆಗೆದು ನೋಡಿದ್ರು ಅಣ್ಣ, ಬೀಗ ಇರಲಿಲ್ಲ. ನಕ್ಕರು. 'ನಮ್ಮ ಮಹಾರಾಣಿ ಸೈಕಲ್‌ಗೆ ಹಾರಿಸ್ಕೊಂಡು ಹೋಗಿದಾಳೆ, ಇವತ್ತೊಂದು ದಿನ ನೀನೇ ಬೀಗ ಅಂದ್ಕೊ' ಅಂದ್ರು. ನಾನು ಆಯ್ತು ಅಂದೆ. ಆಯ್ತು ಅಂದವನು ನಾನು ಅತ್ತಿಗೆ."

"ವಿಚಾರಣೇಲಿ ಯಾಕೆ ಹೇಳಲಿಲ್ಲ?"

"ಮಗು ಅಲ್ವಾ."

ಅಷ್ಟೇ ಅಂದ. ಅದಕ್ಕಿಂತ ಹೆಚ್ಚಿಗೆ ಏನು ಹೇಳಬೇಕಿತ್ತು ಎಂದು ಅವನಿಗೆ ತೋಚಿದ ಹಾಗೆ ಕಾಣಲಿಲ್ಲ. ಮಡಿಕೆ ಅಕ್ಕ ಇನ್ನೂ ಸ್ವಲ್ಪ ಹೊತ್ತು ಕೂತಳು. ಮೂರು ತಿಂಗಳು ಆಫೀಸಿನವರು, ಪೊಲೀಸರು, ಚರ್ಚಿನವರು, ತನ್ನ ಅತ್ತೆ, ಎಲ್ಲರ ಮಾತನ್ನೂ ಈ ಮನುಷ್ಯ ಬೆನ್ನು ಕೊಟ್ಟು ತಿಂದಿದ್ದ. ಒಂದು ವಾಕ್ಯ ಹೇಳಿದ್ದರೆ ಅರ್ಧ ಹೊರೆ ಇಳಿಯುತ್ತಿತ್ತು. ಆ ಅರ್ಧ ಹದಿಮೂರು ವರ್ಷದವಳ ತಲೆಯ ಮೇಲೆ ಬೀಳುತ್ತಿತ್ತು. ಇದು ಅವಳಿಗೆ ಲೆಕ್ಕದ ಹಾಗೆ ತಿಳಿಯಿತು, ಎದೆಗೆ ತಟ್ಟಲಿಲ್ಲ. ಎದ್ದು ಬರುವಾಗ ಅವನ ಹೆಂಡತಿ ಕೈ ಹಿಡಿದುಕೊಂಡಳು. ಹಿಡಿದುಕೊಳ್ಳಲಿ ಎಂದು ಬಿಟ್ಟಳು.

ಮನೆಗೆ ಬಂದು ಮಗಳಿಗೆ, "ಅಪ್ಪಂಗೆ ಗೊತ್ತಾಗಿತ್ತಂತೆ. ಚೀಲ ನೋಡಿ ನಕ್ಕರಂತೆ. ಮಹಾರಾಣಿ ಅಂದ್ರಂತೆ" ಎಂದಳು. ಮಗಳು ಅವಳ ಮಡಿಲಲ್ಲಿ ಮುಖ ಹುದುಗಿಸಿ, ಆ ಮೂರು ತಿಂಗಳಿನದನ್ನೆಲ್ಲ ಅತ್ತಳು. ಅಮ್ಮ ಬೆನ್ನು ಸವರುತ್ತಾ ಕೂತಳು. ತನ್ನ ಪಾಲಿನದನ್ನೂ ಇವಳೇ ಅಳುತ್ತಿದ್ದಾಳೇನೋ ಎಂದು ಒಮ್ಮೆ ಅನ್ನಿಸಿತು.

ಇದಾದ ತಿಂಗಳಿಗೆ ಚರ್ಚಿನ ಹಿರಿಯರು ಸಭೆ ಕರೆದರು. ಉದ್ದಣ್ಣನನ್ನು ಚರ್ಚಿನ ಸದಸ್ಯತ್ವದಿಂದ ತೆಗೆಯಬೇಕು ಎಂಬುದು ವಿಷಯ. ಮುಂದಾಳು ನಿವೃತ್ತ ಮೇಷ್ಟ್ರು. ಕೆಟ್ಟ ಮನುಷ್ಯನಲ್ಲ, ಆದರೆ ಜೀವನಪೂರ್ತಿ ಕೆಂಪು ಮಸಿಯಲ್ಲಿ ತಪ್ಪು ತಿದ್ದಿದ ಕೈ. ಒಂದು ಅರ್ಜಿ ಬರೆದು ಮೂವತ್ತೊಂದು ಜನರ ಸಹಿ ಹಾಕಿಸಿದ್ದರು. ಮೊದಲನೆಯದು ಅತ್ತೆಯದು. ಪಾದ್ರಿ ಚಿಕ್ಕ ವಯಸ್ಸಿನವರು, ಬಂದು ವರ್ಷವಾಗಿರಲಿಲ್ಲ. ಎರಡೂ ಕಡೆ ನೋಡಬೇಕು, ದುಡುಕಬಾರದು, ಆದರೆ ಸಭೆಯ ಭಾವನೆಯನ್ನೂ ಗಮನಿಸಬೇಕು ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿದರು.

ಮೇಷ್ಟ್ರು ಅರ್ಜಿಯನ್ನು ಮಡಿಕೆ ಅಕ್ಕನ ಮುಂದೆ ಇಟ್ಟರು. "ನಿಮ್ಮ ಸಹಿಗೋಸ್ಕರ ಮೇಲೇ ಜಾಗ ಬಿಟ್ಟಿದೀವಮ್ಮ. ನಿಮಗಾದ ಅನ್ಯಾಯ ಇದು."

ಅವಳು ಓದಿದಳು. ಓದಿ ಮುಗಿಸಿ, ಅಭ್ಯಾಸಬಲದಿಂದ ಕಾಗದವನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿದಳು.

"ಸಹಿ ಹಾಕಲ್ಲ ಮೇಷ್ಟ್ರೇ."

"ಯಾಕಮ್ಮ? ಕ್ಷಮಿಸಿಬಿಟ್ರಾ?"

"ಗೊತ್ತಿಲ್ಲ. ನನಗೇನೂ ಅನ್ನಿಸ್ತಿಲ್ಲ. ಅನ್ನಿಸಿದಾಗ ಹೇಳ್ತೀನಿ. ಆದ್ರೆ ಸ್ವಿಚ್ ಹಾಕಿದ್ದು ಅವರು, ಬೀಗ ಹಾಕದೆ ಇಳಿದಿದ್ದು ನನ್ನ ಗಂಡ, ಬೀಗ ಮನೇಲಿ ಉಳಿಸ್ಕೊಂಡಿದ್ದು ನಾವು. ತೆಗೆದುಹಾಕೋದಾದ್ರೆ ಎಲ್ಲರನ್ನೂ ತೆಗೀಬೇಕಾಗುತ್ತೆ. ನಮ್ಮನೆಯಿಂದ ಶುರು ಮಾಡಿ."

ಪಾದ್ರಿ ತಲೆ ತಗ್ಗಿಸಿದರು. ಅವಳು ಇನ್ನೊಂದು ಮಾತು ಸೇರಿಸಿದಳು. ಅದೂ ಅದೇ ಚಪ್ಪಟೆ ದನಿಯಲ್ಲಿ.

"ಯೇಸು ನಮ್ಮನ್ನ ನ್ಯಾಯ ತೀರ್ಸೋಕೆ ಕರೆದಿದ್ರೆ ಕೋರ್ಟಿಗೆ ಹೋಗ್ತಿದ್ವಿ. ಭಾನುವಾರ ಇಲ್ಲಿಗೆ ಯಾಕೆ ಬರೋದು?"

ಸಭೆ ಏನನ್ನೂ ತೀರ್ಮಾನಿಸದೆ ಮುಗಿಯಿತು. ಅತ್ತೆ ಐವತ್ನಾಲ್ಕು ಮೆಟ್ಟಿಲು ಹತ್ತಿ, ಉಸಿರು ಸುಧಾರಿಸಿಕೊಂಡು, ಬಾಗಿಲು ಹಾಕಿ, ಕೆರಳಿ ನಿಂತಳು.

"ನಾವು ಅಂದ್ಯಲ್ಲ, ನಾವು ಅಂದ್ರೆ ಯಾರು?"

"ನಾವು ಅಂದ್ರೆ ನಾವು, ಅತ್ತೆ."

"ಬೀಗ ತೆಗೆದಿಟ್ಟಿದ್ದು ಯಾರು ಅಂತ ಕೇಳ್ತಿದೀನಿ!"

ಒಳಕೋಣೆಯಲ್ಲಿ ಮಗಳು ಓದುತ್ತಿದ್ದಳು. ಓದುವ ದನಿ ನಿಂತಿತು. ಅತ್ತೆ ಆ ಕಡೆ ತಿರುಗಿದಳು. ಬಾಗಿಲ ಸಂದಿಯಲ್ಲಿ ಮೊಮ್ಮಗಳ ಮುಖ ಕಂಡಿತು, ಕಾಗದದ ಹಾಗೆ ಬಿಳಿಚಿಕೊಂಡಿತ್ತು. ಮುದುಕಿಯ ಬಾಯಿ ತೆರೆದದ್ದು ತೆರೆದ ಹಾಗೆಯೇ ಇತ್ತು. ಸೆರಗಿನಿಂದ ಮುಖ ಒರೆಸಿಕೊಂಡು, "ಊಟ ಆಯ್ತೇನೇ ನಿಂದು?" ಎಂದಳು ಮೊಮ್ಮಗಳಿಗೆ. ಅದಾದ ಮೇಲೆ ಕೊಲೆಗಡುಕ ಎಂಬ ಮಾತು ಆ ಮನೆಯಲ್ಲಿ ಕೇಳಿಸಲಿಲ್ಲ. ಕ್ಷಮಿಸಿದಳೆಂದಲ್ಲ. ಆ ಕಲ್ಲು ಎಸೆದರೆ ಎಲ್ಲಿ ಹೋಗಿ ಬೀಳುತ್ತದೆಂದು ಅವಳಿಗೆ ಗೊತ್ತಾಗಿತ್ತು.

ಮುಂದಿನ ಭಾನುವಾರ ಮಡಿಕೆ ಅಕ್ಕ ಚರ್ಚಿಗೆ ಹೋದಾಗ ಅತ್ತೆ ಎಂದಿನಂತೆ ಮುಂದಿನ ಸಾಲಿಗೆ ನಡೆದಳು. ಇವಳು ಮಗಳ ಕೈ ಹಿಡಿದು ಕಿಟಕಿ ಬದಿಯ ಬೆಂಚಿನ ಹತ್ತಿರ ಬಂದು ನಿಂತಳು.

"ಸ್ವಲ್ಪ ಸರೀರಿ."

ಉದ್ದಣ್ಣ ಗಾಬರಿಯಿಂದ ಹೆಂಡತಿಯ ಮೇಲೇ ಬೀಳುವಷ್ಟು ಸರಿದ. ಅವಳು ಒಂದು ಗೇಣು ಜಾಗ ಬಿಟ್ಟು ಕೂತಳು. ಚರ್ಚಿನಲ್ಲಿದ್ದ ಕಣ್ಣೆಲ್ಲ ಅವರ ಮೇಲೆ ನೆಟ್ಟಿತು. ಅವರು ಮಾತಾಡಲಿಲ್ಲ. ಆ ಭಾನುವಾರ ಅಷ್ಟೇ, ಅದರ ಮುಂದಿನ ಭಾನುವಾರವೂ ಅಷ್ಟೇ. ಸಹೋದ್ಯೋಗಿಯೊಬ್ಬಳು ಶೀಟಿನ ಎರಡು ತುದಿ ಹಿಡಿದುಕೊಂಡು, "ಅವನ ಪಕ್ಕ ಹೆಂಗೆ ಕೂರ್ತೀಯಕ್ಕಾ? ಮೈ ಉರಿಯಲ್ವಾ?" ಎಂದು ಕೇಳಿದಳು. "ಅಲ್ಲಿ ಜಾಗ ಖಾಲಿ ಇರುತ್ತೆ" ಎಂದಳು ಇವಳು. ತಮಾಷೆಗೆ ಅಂದದ್ದೋ ನಿಜವಾಗಿ ಅಂದದ್ದೋ ಕೇಳಿದವಳಿಗೆ ತಿಳಿಯಲಿಲ್ಲ. ಇವಳಿಗೂ ತಿಳಿದಿರಲಿಲ್ಲ. ಪ್ರೀತಿ ಎಂದರೆ ಒಳಗೆ ಏನೋ ಬೆಚ್ಚಗಾಗುವುದು ಎಂದು ಅವಳೂ ಎಲ್ಲರ ಹಾಗೆ ನಂಬಿದ್ದವಳು. ಈಗ ಒಳಗೆ ಬೆಚ್ಚಗಾಗಲು ಏನೂ ಉಳಿದಿರಲಿಲ್ಲ. ಕಾಲು ಇದ್ದವು, ನಡೆದು ಬಂದು ಕೂರುತ್ತಿದ್ದಳು.

ಹೀಗೆ ನಾಲ್ಕು ತಿಂಗಳಾಯಿತು. ಬೆಂಚಿಗೆ ಇನ್ನೊಬ್ಬರು ಬಂದರು. ಹೂವಿನ ಅಂಗಡಿಯ ಮುದುಕ, ಕಿವಿ ಕೇಳಿಸದವರು. ಅವರು ಬಂದದ್ದು ಕಿಟಕಿಯ ಗಾಳಿಗಾಗಿ.

ಒಂದು ಭಾನುವಾರ, ಪಾದ್ರಿಯವರ ಉಪದೇಶದ ನಡುವೆ, ಪಕ್ಕದಿಂದ ಸಣ್ಣದೊಂದು ಗರಗಸದ ಸದ್ದು ಶುರುವಾಯಿತು. ಉದ್ದಣ್ಣನ ಗಲ್ಲ ಎದೆಗೆ ತಗುಲಿತ್ತು, ಬಾಯಿ ಅರೆತೆರೆದಿತ್ತು. ಸದ್ದು ಏರುತ್ತಾ ಹೋಯಿತು. ಮುಂದಿನ ಸಾಲಿನವರು ತಿರುಗಿದರು. ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದುಕೊಂಡಳು ಅಮ್ಮ, ನೋಡಿದರೆ ನಗು. ಮಡಿಕೆ ಅಕ್ಕ ಅವನನ್ನು ತಿವಿಯಲು ಮೊಣಕೈ ಎತ್ತಿದಳು. ಆಚೆಯಿಂದ ಅವನ ಹೆಂಡತಿ ಬಗ್ಗಿ ಪಿಸುಗುಟ್ಟಿದಳು.

"ಎಬ್ಬಿಸಬೇಡಿ ಅಕ್ಕಾ. ಇವರು ಕಣ್ಣು ತುಂಬ ನಿದ್ದೆ ಮಾಡಿ ಎಂಟು ತಿಂಗಳಾಯ್ತು."

ಎತ್ತಿದ ಮೊಣಕೈ ಇಳಿಯಿತು.

ಉಪದೇಶ ಮುಗಿದು ಕೊನೆಯ ಹಾಡಿಗೆ ಎಲ್ಲರೂ ಎದ್ದರು. ಅದು ಹಳೆಯ ಬೆಂಚು. ಒಬ್ಬರು ಎದ್ದರೂ ಉಳಿದವರು ಕುಲುಕಿ ಬೀಳುವಂಥದ್ದು. ಅವಳು ಏಳಲಿಲ್ಲ. ಮಗಳೂ ಏಳಲಿಲ್ಲ. ಏಳಲು ಹೊರಟ ಹೂವಿನ ಮುದುಕನ ತೋಳು ಹಿಡಿದು ಕೂರಿಸಿದಳು. ಅವರು ಯಾಕೆ ಎಂದು ಕೇಳದೆ ಕೂತರು. ಇಡೀ ಚರ್ಚು ನಿಂತು ಹಾಡುತ್ತಿರುವಾಗ ಐದು ಜನ ಮಾತ್ರ ಕೂತಿದ್ದರು. ಮೇಷ್ಟ್ರು ಹಿಂತಿರುಗಿ ನೋಡಿ ಹುಬ್ಬು ಗಂಟಿಕ್ಕಿದರು. ಅತ್ತೆಯೂ ಹಿಂತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹಾಡಿನ ಎರಡನೆಯ ಚರಣದಲ್ಲಿ, ಬೆಂಚಿನ ಹಿಡಿ ಹಿಡಿದುಕೊಂಡು, ತಾನೂ ಮೆಲ್ಲಗೆ ಕೂತಳು. ಮೊಣಕಾಲು ನೋವಿದ್ದದ್ದು ನಿಜ. ಯಾರಾದರೂ ಕೇಳಿದ್ದರೆ ಅದನ್ನೇ ಹೇಳುತ್ತಿದ್ದಳು.

ಜನ ಹೊರಗೆ ಹೋದರು. ಅವನು ಇನ್ನೂ ಕಾಲು ಗಂಟೆ ಮಲಗಿದ. ಮಡಿಕೆ ಅಕ್ಕ ಅಲುಗದೆ ಕಾದಳು. ಆಗ ಏನನ್ನಿಸಿತು ಎಂದು ಮುಂದೆ ಎಷ್ಟೋ ವರ್ಷದ ಮೇಲೆ ಮಗಳು ಕೇಳಿದಾಗ, "ಕಾಲು ಜೋಮು ಹಿಡಿದಿತ್ತು, ಅಷ್ಟೇ" ಎಂದು ನಿಜವನ್ನೇ ಹೇಳಿದಳು.

ಯಾರೋ ಕಿಟಕಿ ಮುಚ್ಚಿದ ಸದ್ದಿಗೆ ಉದ್ದಣ್ಣ ಬೆಚ್ಚಿ ಕಣ್ಣು ಬಿಟ್ಟ. ಖಾಲಿ ಚರ್ಚು ನೋಡಿದ, ಪಕ್ಕದಲ್ಲಿದ್ದವಳನ್ನು ನೋಡಿದ.

"ಮುಗೀತಾ ಅತ್ತಿಗೆ?"

"ಆಗಲೇ ಮುಗೀತು. ಏಳಿ, ಬಾಗಿಲು ಹಾಕ್ತಾರೆ."